ಮಲಗಿದ ಅನಿಮೋನ್ ಹೂಗಳು

ಗೆಳೆಯರೇ, ಇವತ್ತು ಬೆಳಿಗ್ಗೆ ಹೂಗಳ ಪರವಾಗಿ ಹೋರಾಡಿ ಸೋತೆ. ಲಕ್ಷ್ಮೀ ನಗರದ ನಮ್ಮ ಕಟ್ಟಡದ ತಾರಸಿಯಲ್ಲಿ ಕೆಳಮನೆಯ ಕಾಕು ಕತ್ತರಿ ಹಿಡಿದು, ಕುಂಡದ ಅನಿಮೋನ್ ಮೊಗ್ಗುಗಳನ್ನು ಉದ್ದನೆಯ ದಂಟಿನ ಸಮೇತ ಕೊಯ್ದು ತಣ್ಣೀರಿನ ಬಕೆಟ್ಟಿಗೆ ಹಾಕುತ್ತಿದ್ದರು.

“ಅರಳಾಕೂ ಬಿಡದ ಕೊಯ್ತೀರಲ್ಲ ಕಾಕೂ, ಇದು ದಬ್ಬಾಳಿಕೆ!” ಎಂದೆ.

“ನಿನ್ನ ಭಾಷಣ ಆಮ್ಯಾಲ. ಇವು ಮೊಗ್ಗಲ್ಲೋ ತಮ್ಮಾ. ನಿನ್ನೆ ಬಿಸಿಲಿಗೆ ಅರಳಿ, ಸಂಜಿಗೆ ಮುಚ್ಚಿಕೊಂಡಾವ. ಹಿಂಗ ಮಲಗಿದ್ದಾಗ ಕೊಯ್ದರ ಬಾಳ ದಿನ ಇರ್ತಾವ.”

“ಗಿಡದಾಗ ಇದ್ದರ ಇನ್ನೂ ಚಲೋ ಇರ್ತಾವ. ನೋಡೋರು ಇಲ್ಲೇ ಬಂದು ನೋಡ್ಲಿ.”

ಕಾಕು ಕತ್ತರಿ ಕೆಳಗಿಟ್ಟರು. “ಕುಂಡದ ಮಣ್ಣಾಗ ಇವುಗಳ ಗಡ್ಡಿ ಹಚ್ಚಿದವರು ನಿಮ್ಮ ಕಾಕಾ. ಹೂ ಬಿಡೂದ್ರಾಗ ಕಣ್ಣಿನ ಆಪರೇಶನ್ ಆತು. ನಾಳೆ ಪಟ್ಟಿ ಬಿಚ್ತಾರ. ಮೂರು ಮಜಲಾ ಹತ್ತಬ್ಯಾಡ ಅಂದಾರ ಡಾಕ್ಟರು. ಅದಕ್ಕ, ಅವರ ಕಣ್ಣ ಮುಂದನ ಅರಳಲಿ ಅಂತ.”

ನಾನೇ ಬಕೆಟ್ ಎತ್ತಿಕೊಂಡೆ.

“ನೆರಳಾಗ ಇಡು. ಬಿಸಿಲು ಬಿತ್ತಂದ್ರ ಜಲ್ದಿ ಎದ್ದುಬಿಡ್ತಾವ,” ಎಂದರು.

ಸಿಕ್ಕಸಿಕ್ಕವರಿಗೆಲ್ಲ ‘ಎದ್ದೇಳಿ’ ಎಂದು ಕರಪತ್ರ ಹಂಚುವ ನಾನು, ಒಂದು ಬಕೆಟ್ ಹೂಗಳಿಗೆ ಎಚ್ಚರವಾಗದಿರಲಿ ಎಂದು ತುದಿಗಾಲಲ್ಲಿ ಮೆಟ್ಟಿಲಿಳಿದೆ.