ನಲವತ್ತೇಳು ದಿನದ ಉಸ್ತುವಾರಿ

ಬಸ್ ಡಿಪೋದಲ್ಲಿ ಅವಳನ್ನು ಹೆಸರು ಹಿಡಿದು ಕರೆಯುವವರು ಯಾರೂ ಇರಲಿಲ್ಲ. ಡ್ರೈವರ್‌ಗಳಿಗೆ, ಕಂಡಕ್ಟರ್‌ಗಳಿಗೆ, ಮೊಣಕೈವರೆಗೆ ಗ್ರೀಸು ಮೆತ್ತಿಕೊಂಡ ಮೆಕ್ಯಾನಿಕ್‌ಗಳಿಗೆ ಅವಳು ‘ಡ್ಯೂಟಿ ಅಕ್ಕ’. ಅರವತ್ತೆರಡು ಬಸ್ಸುಗಳನ್ನು ಯಾರು, ಎಷ್ಟು ಗಂಟೆಗೆ, ಯಾವ ದಾರಿಯಲ್ಲಿ ಓಡಿಸಬೇಕೆಂದು ದಿನವೂ ಬರೆದು ಗೋಡೆಗೆ ಹಚ್ಚುವ ಕೆಲಸ ಅವಳದು. ಯಾರ ಹೆಂಡತಿಗೆ ದಿನ ತುಂಬಿದೆ, ಯಾರಿಗೆ ಸೊಂಟ ಹಿಡಿದಿದೆ, ಯಾವ ಇಬ್ಬರದು ಎಣ್ಣೆ ಸೀಗೇಕಾಯಿ ಸಂಬಂಧ, ಅವರನ್ನು ಒಂದೇ ಬಸ್ಸಿಗೆ ಹಾಕಿದರೆ ಪ್ರಯಾಣಿಕರ ಗತಿ ಏನಾಗುತ್ತದೆ, ಎಲ್ಲ ಅವಳಿಗೆ ಗೊತ್ತಿತ್ತು. ಹೊಸ ಮ್ಯಾನೇಜರ್ ಬಂದಾಗ ಮೊದಲ ಮೂರು ತಿಂಗಳು ಅವಳ ಮೇಜಿನೆದುರಿಗೆ ಕುರ್ಚಿ ಎಳೆದುಕೊಂಡು ಕೂತು ಕಲಿಯುತ್ತಿದ್ದರು. ನಾಲ್ಕನೆಯ ತಿಂಗಳಿನಿಂದ ಅವಳನ್ನೇ ಒಳಗೆ ಕರೆಸುತ್ತಿದ್ದರು. ಹೀಗೆ ಐವರು ಬಂದರು, ಹೋದರು.

ಅವಳು ಅಲ್ಲಿ ಸೇರಿದ್ದು ಇಪ್ಪತ್ತೆರಡರ ಹರೆಯದಲ್ಲಿ, ಕಂಡಕ್ಟರ್ ಆಗಿ. ಒಂಬತ್ತು ವರ್ಷ ಹದಿನಾಲ್ಕನೇ ನಂಬರಿನ ಬಸ್ಸಿನಲ್ಲಿ ನಿಂತು ಮೊಣಕಾಲು ಸವೆಸಿದಳು. ಆ ದಾರಿಯ ಕೊನೆಯ ನಿಲ್ದಾಣವೆಂದರೆ ಒಂದು ಕಂಬ, ಒಂದು ಬೋರ್ಡು, ಆಚೆಗೆ ಬಯಲು. ಗಂಡಸರು ಬಯಲಿನ ಗೋಡೆಯ ಕಡೆ ಹೋಗಿಬರುತ್ತಿದ್ದರು. ಹೆಂಗಸರು ಬೆಳಗಿನಿಂದ ಗುಟುಕು ನೀರು ಕುಡಿಯದೆ ಪಾಳಿ ಮುಗಿಸುತ್ತಿದ್ದರು. ಅವಳೂ ಹಾಗೇ ಮುಗಿಸಿದಳು. ಏಳನೆಯ ವರ್ಷ ಮೂತ್ರಪಿಂಡದಲ್ಲಿ ಕಲ್ಲಾಗಿ ಹದಿನೈದು ದಿನ ಮಲಗಿದಾಗ ಡಾಕ್ಟರು ನೀರು ಯಾಕೆ ಕುಡಿಯುವುದಿಲ್ಲ ಎಂದು ಗದರಿದರು. ಗುಣವಾದ ಮೇಲೆ ಮತ್ತೆ ಅದೇ ಬಸ್ಸು ಹತ್ತಿದಳು.

ಆಫೀಸಿಗೆ ಬಂದ ಮೇಲೆ ಆ ನಿಲ್ದಾಣದಲ್ಲಿ ಶೌಚಾಲಯವಿಲ್ಲದ್ದನ್ನು ಒಬ್ಬೊಬ್ಬ ಮ್ಯಾನೇಜರ್‌ಗೂ ಹೇಳಿದಳು. ಯಾರೂ ಕೆಟ್ಟವರಲ್ಲ. ಎಲ್ಲರೂ ತಲೆಯಾಡಿಸಿ, ನೋಡೋಣ ಎಂದರು. ಆ ‘ನೋಡೋಣ’ವನ್ನು ಕೇಳಿ ಕೇಳಿಯೇ ಅವಳೊಳಗೆ ಒಂದು ಆಸೆ ಹುಟ್ಟಿತು. ಯಾರನ್ನೂ ಕೇಳದೆ, ತಾನೇ ನೋಡಿ, ತಾನೇ ‘ಆಗಲಿ’ ಎನ್ನಬೇಕು. ಕೋಣೆ, ಕಾರು, ಸಲಾಮು ಅವಳ ಕನಸಿಗೆ ಬರಲಿಲ್ಲ. ಬರುತ್ತಿದ್ದುದು ಆ ಒಂದು ಮಾತು. ಅಡುಗೆಮನೆಯಲ್ಲಿ ಪಾತ್ರೆ ತೊಳೆಯುವಾಗ, ತಾನು ಮ್ಯಾನೇಜರ್ ಆದರೆ ಯಾವ ಬಸ್ಸನ್ನು ಎಲ್ಲಿಗೆ ತಿರುಗಿಸುತ್ತೇನೆಂದು ಲೆಕ್ಕ ಹಾಕುತ್ತ ತೊಳೆದ ಪಾತ್ರೆಯನ್ನೇ ಮತ್ತೆ ತೊಳೆಯುತ್ತಿದ್ದಳು.

ಎರಡು ಸಲ ಅರ್ಜಿ ಹಾಕಿದಳು. ಮೊದಲ ಸಂದರ್ಶನದಲ್ಲಿ ಮೇಜಿನಾಚೆ ಕೂತ ನಾಲ್ವರಲ್ಲೊಬ್ಬರು, ಇಬ್ಬರು ಡ್ರೈವರ್‌ಗಳು ಕೊರಳಪಟ್ಟಿ ಹಿಡಿದು ಹೊಡೆದಾಡಿದರೆ ನೀವೇನು ಮಾಡುತ್ತೀರಿ ಎಂದು ಕೇಳಿದರು.

“ಮೊನ್ನೆ ಮಂಗಳವಾರ ಬಿಡಿಸಿದೆ ಸಾರ್,” ಎಂದಳು. “ಈಗ ಇಬ್ಬರೂ ಒಟ್ಟಿಗೆ ಟೀ ಕುಡೀತಾರೆ.”

ನಾಲ್ವರೂ ನಕ್ಕರು. ಕೆಲಸ ಇನ್ನೊಬ್ಬರಿಗೆ ಹೋಯಿತು. ಎರಡನೆಯ ಸಲ, ಸ್ವತಂತ್ರವಾಗಿ ಉಸ್ತುವಾರಿ ನೋಡಿಕೊಂಡ ಅನುಭವವಿಲ್ಲ ಎಂದು ಬರೆದು ಕಳಿಸಿದರು.

ಗಡಿಯಾರ ರಿಪೇರಿಯ ಅಂಗಡಿ ಇಟ್ಟುಕೊಂಡಿದ್ದ ಗಂಡ ಸಾಧು ಮನುಷ್ಯ. ಕಣ್ಣಿಗೆ ಸಿಕ್ಕಿಸಿಕೊಂಡ ಭೂತಗನ್ನಡಿ ತೆಗೆಯದೆಯೇ, ಬಿಡು, ಯಾಕೆ ಬೇಕು ಆ ತಲೆನೋವು ಎಂದ. ಸಮಾಧಾನಕ್ಕೆಂದೇ ಹೇಳಿದ್ದ. ನೆರೆಯವರು ಹೇಳಿದ್ದೂ ಅದನ್ನೇ. ಅತ್ತೆ ಮಾತ್ರ ಏನೂ ಹೇಳಲಿಲ್ಲ. ಅದೇ ದೊಡ್ಡ ಆಶ್ಚರ್ಯ. ಎಂಬತ್ತರ ಹತ್ತಿರ ಹತ್ತಿರವಾಗಿದ್ದ ಆ ಮುದುಕಿಯ ನಾಲಿಗೆಗೆ ರಜೆ ಎಂಬುದೇ ಇರಲಿಲ್ಲ. ಮಗನ ಅಂಗಡಿಯ ಬಗ್ಗೆ, “ಊರವರ ಟೈಮೆಲ್ಲ ಸರಿ ಮಾಡ್ತಾನೆ, ಊಟಕ್ಕೆ ಮಾತ್ರ ಟೈಮಿಗೆ ಬರಲ್ಲ” ಎಂದು ಬಂದವರಿಗೆಲ್ಲ ಹೇಳುವವಳು.

ಅವಳಿಗೆ ಐವತ್ಮೂರಾಗಿದ್ದಾಗ ಐದನೆಯ ಮ್ಯಾನೇಜರ್ ಮೆಟ್ಟಿಲಿನಲ್ಲಿ ಜಾರಿ ಸೊಂಟದ ಮೂಳೆ ಮುರಿದುಕೊಂಡರು. ಮುಖ್ಯ ಕಚೇರಿಯಿಂದ ಫೋನು ಬಂತು. ಅವರು ಬರುವವರೆಗೆ ಹೇಗಾದರೂ ನೋಡಿಕೊಳ್ಳಿ, ನಿಮಗೆ ಗೊತ್ತಿಲ್ಲದ್ದು ಏನಿದೆ ಎಂದರು. ಹೇಗಾದರೂ ಏನು, ಚೆನ್ನಾಗಿಯೇ ನೋಡಿಕೊಂಡಳು. ನಲವತ್ತೇಳು ದಿನ.

ಎರಡನೆಯ ದಿನವೇ ಹದಿನಾಲ್ಕನೇ ನಂಬರಿನ ಬಸ್ಸು ಹತ್ತಿ ಕೊನೆಯ ನಿಲ್ದಾಣಕ್ಕೆ ಹೋದಳು. ಅಲ್ಲಿಂದ ಅರ್ಧ ಕಿಲೋಮೀಟರು ನಡೆದರೆ ಒಂದು ಗ್ರಂಥಾಲಯ. ಅದರ ಹಿಂದೆ ಬೀಗ ಹಾಕಿದ ಶೌಚಾಲಯ, ನಲ್ಲಿ, ನೆರಳು. ಗ್ರಂಥಪಾಲಕ ಮೂಗಿನ ತುದಿಯ ಕನ್ನಡಕದ ಮೇಲಿಂದ ಅವಳನ್ನು ನೋಡಿದ. ಬೀಗದ ಕೈ ಕೊಡಿ ಎಂದು ಇಷ್ಟು ವರ್ಷ ಯಾರೂ ಕೇಳಲೇ ಇಲ್ಲವಲ್ಲ ಎನ್ನುತ್ತ ಕೊಟ್ಟ. ಮರುದಿನ ಒಂದೇ ಸಾಲಿನ ಆದೇಶ ಬರೆದು ನಿಲ್ದಾಣವನ್ನು ಗ್ರಂಥಾಲಯದ ಮುಂದಕ್ಕೆ ಸರಿಸಿದಳು. ಓಡಾಟಕ್ಕೆ ನಾಲ್ಕು ನಿಮಿಷ ಹೆಚ್ಚಾಯಿತು. ಡ್ರೈವರ್‌ಗಳು ಗೊಣಗಿದರು. ಮಧ್ಯಾಹ್ನದ ಬಿಡುವಿನಲ್ಲಿ ಆ ನಿಮಿಷಗಳನ್ನು ಕೂಡಿಸಿ ಕೊಟ್ಟಳು, ಗೊಣಗಾಟ ಅಡಗಿತು. ಅವಳು ಕಂಡಕ್ಟರ್ ಆಗಿದ್ದಾಗಿನಿಂದ ಆವರೆಗೆ ಮೂವತ್ತು ವರ್ಷ ಆಗದಿದ್ದ ಕೆಲಸ, ನಿಜವಾಗಿ ಹಿಡಿದದ್ದು ಒಂದೂವರೆ ದಿನ. ಅದು ತಿಳಿದಾಗ ಅವಳಿಗೆ ಸಂತೋಷಕ್ಕಿಂತ ಹೆಚ್ಚಾಗಿ ಕಲ್ಲಾಗಿ ಮಲಗಿದ ಆ ಹದಿನೈದು ದಿನ ನೆನಪಾದವು.

ಆದರೂ ಆ ದಿನಗಳಲ್ಲಿ ಅವಳ ನಡಿಗೆಯೇ ಬದಲಾಗಿತ್ತು. ಬೆಳಗ್ಗೆ ಡಿಪೋದ ಅಂಗಳದಲ್ಲಿ ಸಾಲಾಗಿ ಗುರುಗುಟ್ಟುವ ಬಸ್ಸುಗಳ ನಡುವೆ ಹೋಗುವಾಗ, ಯಾರಾದರೂ ಓಡಿಬಂದು ಹೀಗಾಗಿದೆ ಅಕ್ಕ, ಏನು ಮಾಡೋಣ ಎಂದರೆ, ಒಂದು ಕ್ಷಣ ನಿಂತು ಯೋಚಿಸಿ ಹೇಳುತ್ತಿದ್ದಳು. ಆ ಒಂದು ಕ್ಷಣ ಅವಳಿಗೆ ಜೀವನದಲ್ಲೇ ಎಲ್ಲಕ್ಕಿಂತ ರುಚಿಯಾಗಿತ್ತು.

ನಲವತ್ತೆಂಟನೆಯ ದಿನ ಮ್ಯಾನೇಜರ್ ಕೋಲೂರಿಕೊಂಡು ಬಂದರು. ಎಲ್ಲರೂ ಸೇರಿದ್ದಾಗ, ನಾನಿಲ್ಲದಾಗ ನನ್ನ ಮನೆಯನ್ನು ಅಚ್ಚುಕಟ್ಟಾಗಿ ನೋಡಿಕೊಂಡಿದ್ದೀರಿ ಎಂದು ಕೈಮುಗಿದರು. ಮನಸಾರೆ ಹೇಳಿದ ಮಾತು. ಅವಳೂ ನಕ್ಕಳು. ‘ನನ್ನ ಮನೆ’ ಎಂಬ ಎರಡು ಪದ ಮಾತ್ರ ಗಂಟಲಿನಲ್ಲಿ ಮೀನಿನ ಮುಳ್ಳಿನಂತೆ ಉಳಿದವು. ಆರು ತಿಂಗಳಿಗೆ ಸಂಸ್ಥೆಯ ಪತ್ರಿಕೆಯಲ್ಲಿ, ಮಹಿಳಾ ಸಿಬ್ಬಂದಿಯ ಅನುಕೂಲಕ್ಕೆ ನಿಲ್ದಾಣ ಬದಲಿಸಿದ ಡಿಪೋ ಎಂದು ಅವರ ಫೋಟೋ ಬಂತು. ಮುಜುಗರದಿಂದ ಅವರೇ ತಂದು ತೋರಿಸಿದರು.

ಅದೇ ವರ್ಷ ಮೂರನೆಯ ಅರ್ಜಿ ಹಾಕಿದಳು. ಈ ಸಲ ಅನುಭವ ಇದೆಯಲ್ಲ. ಪ್ರಮಾಣಪತ್ರ ಬರೆದುಕೊಡಿ ಎಂದಾಗ ಮ್ಯಾನೇಜರ್ ಕಡತ ತಿರುವಿ ತಿರುವಿ ಬೆವತರು. ಉಸ್ತುವಾರಿಯ ಆದೇಶ ಬಂದದ್ದು ಫೋನಿನಲ್ಲಿ. ಕಾಗದದ ಮೇಲೆ ಒಂದಕ್ಷರ ಇರಲಿಲ್ಲ. ಆ ನಲವತ್ತೇಳು ದಿನದ ಪ್ರತಿಯೊಂದು ಪತ್ರದಲ್ಲೂ ಅವಳ ಸಹಿಯ ಮೇಲೆ ಅವಳ ಕೈಬರಹದಲ್ಲೇ ‘ಮ್ಯಾನೇಜರ್ ಪರವಾಗಿ’ ಎಂದಿತ್ತು.

ಫೋನಿನ ಆ ಮಾತನ್ನು ಈಗಲಾದರೂ ಬರೆದುಕೊಡಿ ಎಂದು ಕೇಳಲು ಅವಳು ಮುಖ್ಯ ಕಚೇರಿಗೇ ಹೋದಳು. ದೊಡ್ಡ ಅಧಿಕಾರಿ ಎದ್ದು ನಿಂತು ಬರಮಾಡಿಕೊಂಡರು, ಕಾಫಿ ತರಿಸಿದರು. ನಿಮ್ಮಂಥವರು ಡಿಪೋದ ಬೇರು, ನಿಮ್ಮನ್ನು ಅಲುಗಾಡಿಸಿದರೆ ಮರವೇ ಬೀಳುತ್ತದೆ ಎಂದರು.

“ಬೇರು ಬೇರು ಅಂತ ಹೊಗಳಿ ಮೇಲೆ ಮಣ್ಣು ಮುಚ್ತಾ ಬಂದಿದ್ದೀರಿ ಸಾರ್,” ಎಂದಳು.

ಅಧಿಕಾರಿ ಮುಖ ತಗ್ಗಿಸಿ ಕಾಫಿ ಕಲಕಿದರು. ನಿಯಮ ನಿಯಮವೇ ಎಂದರು. ಮರಳುವ ಬಸ್ಸಿನಲ್ಲಿ ಅವಳು ಕಿಟಕಿಗೆ ತಲೆಯಾನಿಸಿ ಕೂತಳು. ಅವಳನ್ನು ಗುರುತಿಸಿದ ಕಂಡಕ್ಟರ್ ಹುಡುಗಿ, ಸುಸ್ತಾ ಅಕ್ಕ ಎಂದು ನೀರಿನ ಬಾಟಲಿ ಕೊಟ್ಟಳು. ಹದಿನಾಲ್ಕನೇ ನಂಬರಿನವಳು. ಕುಳ್ಳಗೆ ಚುರುಕಾಗಿದ್ದ ಅವಳನ್ನು ಎಲ್ಲರೂ ಗುಬ್ಬಿ ಎನ್ನುತ್ತಿದ್ದರು.

ಐದನೆಯವರು ಬಡ್ತಿ ಪಡೆದು ಹೋದರು. ಆರನೆಯವರು ಬಂದು ವಾಡಿಕೆಯಂತೆ ಅವಳ ಮೇಜಿನೆದುರಿಗೆ ಕುರ್ಚಿ ಎಳೆದುಕೊಂಡರು. ಅವಳ ಅರ್ಧ ವಯಸ್ಸಿನವರು, ತಿಳಿದುಕೊಳ್ಳುವ ಹಂಬಲವಿದ್ದವರು. ಕಲಿಸುವ ಮೊದಲು ಅವಳು ಒಂದು ಷರತ್ತು ಹಾಕಿದಳು.

“ನೀವು ಒಂದು ದಿನ ರಜೆ ಹಾಕಿದ್ರೂ ಉಸ್ತುವಾರಿ ಯಾರಿಗೆ ಅಂತ ಆರ್ಡರ್ ಬರೆದು ಹೋಗ್ಬೇಕು. ಬಾಯಿಮಾತು ಬೇಡ.”

“ನಿಮ್ಮ ಹೆಸರಿಗೇ ಬರೀತೀನಿ ಮೇಡಂ.”

“ನನಗೆ ಇನ್ನು ಎರಡೇ ವರ್ಷ. ಗುಬ್ಬಿ ಹೆಸರಿಗೆ ಬರೀರಿ.”

ಹಾಗೆ ಹೇಳುವ ಹಿಂದಿನ ದಿನವೆಲ್ಲ ಅವಳು ಯೋಚಿಸಿದ್ದಳು. ತನ್ನ ಹೆಸರಿಗೇ ಬರೆಸಿಕೊಂಡು, ಒಂದೇ ಒಂದು ಸಲ ‘ಪರವಾಗಿ’ ಇಲ್ಲದೆ ಸಹಿ ಹಾಕುವ ಆಸೆಯಾಗಿತ್ತು. ಆದರೆ ಅರ್ಜಿ ಹಾಕುವ ವಯಸ್ಸು ಮೀರಿದವಳಿಗೆ ಆ ಕಾಗದದಿಂದ ಆಗುವುದೇನು? ಗುಬ್ಬಿಯನ್ನು ಡ್ಯೂಟಿ ಕೋಣೆಗೆ ಕರೆಸಿಕೊಂಡಳು. ಬಸ್ಸು, ಜನ, ಜಗಳ ಎಲ್ಲ ಕಲಿಸಿದಳು. ಪ್ರತಿ ಆದೇಶದ ಒಂದೊಂದು ಪ್ರತಿಯನ್ನು ಮನೆಯಲ್ಲೂ ಇಟ್ಟುಕೋ ಎಂದಳು. ಎರಡು ವರ್ಷದಲ್ಲಿ ಹನ್ನೊಂದು ಆದೇಶಗಳಾದವು.

ಅವಳು ನಿವೃತ್ತಳಾಗಿ ಏಳು ತಿಂಗಳಾಗಿದ್ದವು. ಒಂದು ಸಂಜೆ ಗುಬ್ಬಿ ಫೋನ್ ಮಾಡಿದಳು. ಪಕ್ಕದ ಊರಿನ ಡಿಪೋಗೆ ಮ್ಯಾನೇಜರ್. ಫೋನಿನಾಚೆ ಹುಡುಗಿ ಅಳುತ್ತಲೂ ನಗುತ್ತಲೂ ಏನೇನೋ ಹೇಳಿದಳು. ಇವಳೂ ನಕ್ಕಳು, ಹರಸಿದಳು, ಮೊದಲ ತಿಂಗಳು ಯಾರನ್ನೂ ಬೈಯಬೇಡ ಎಂದು ಬುದ್ಧಿ ಹೇಳಿದಳು. ಗಂಡ ಅಂಗಡಿಯಿಂದ ಬಂದಾಗ ಸುದ್ದಿ ಕೊಟ್ಟಳು. ಅವನು ತನ್ನ ಮಗಳಿಗೇ ಕೆಲಸ ಸಿಕ್ಕಿತೆಂಬಂತೆ ಹಿಗ್ಗಿದ.

ಆಮೇಲೆ ಅಡುಗೆಮನೆಗೆ ಹೋಗಿ ಒಲೆಯ ಮುಂದೆ ಸುಮ್ಮನೆ ನಿಂತಳು. ಒಲೆ ಹಚ್ಚಿರಲಿಲ್ಲ. ಅತ್ತೆ ಗೋಡೆ ಹಿಡಿದುಕೊಂಡು ನಿಧಾನವಾಗಿ ಬಂದು ಬಾಗಿಲಲ್ಲಿ ನಿಂತಳು. ಸ್ವಲ್ಪ ಹೊತ್ತು ಸೊಸೆಯ ಬೆನ್ನನ್ನೇ ನೋಡಿದಳು.

“ನಿನಗೂ ಅದು ಬೇಕಿತ್ತೇನೇ?” ಎಂದು ಕೇಳಿದಳು.

ಮೂವತ್ತೈದು ವರ್ಷದಲ್ಲಿ ಯಾರೂ ಕೇಳದಿದ್ದ ಪ್ರಶ್ನೆ. ಬೇಡ ಬಿಡು ಎಂದವರಿದ್ದರು, ನಿನಗೇಕೆ ಎಂದವರಿದ್ದರು, ಪಾಪ ಎಂದವರಿದ್ದರು.

“ಬೇಕಿತ್ತು ಅತ್ತೆ,” ಎಂದಳು. “ತುಂಬಾ ಬೇಕಿತ್ತು.”

ಮುದುಕಿ ಮೂಲೆಯ ಮಣೆಯನ್ನು ಕಾಲಿನಿಂದ ಹತ್ತಿರಕ್ಕೆ ಸರಿಸಿಕೊಂಡು ಸೊಸೆಯ ಪಕ್ಕದಲ್ಲಿ ಕೂತಳು. ಹೊರಗೆ ಬೀದಿಯಲ್ಲಿ ಒಂದು ಬಸ್ಸು ಗೇರು ಬದಲಿಸಿಕೊಂಡು ದಿಣ್ಣೆ ಹತ್ತಿತು. ಎಂಟು ನಿಮಿಷ ತಡ, ಎಂದುಕೊಂಡಳು ಅವಳು. ಯಾರನ್ನು ಕರೆಸಿ ಕೇಳಬೇಕೆಂಬುದೂ ಅವಳಿಗೆ ಗೊತ್ತಿತ್ತು.