ಹುಲ್ಲುರಾಯರ ಬೂಟು

ನನ್ನ ಭಾವನವರನ್ನು ಕಾರ್ಖಾನೆಯಲ್ಲಿ ಎಲ್ಲರೂ ಹುಲ್ಲುರಾಯರು ಎಂದು ಕರೆಯುತ್ತಿದ್ದರು. ಅದು ಗಾಜಿನ ಸಾಮಾನಿನ ಕಾರ್ಖಾನೆ. ಲೋಟ, ಹೂಜಿ, ಬಾಟಲಿ ಎಲ್ಲ ಅಲ್ಲಿ ತಯಾರಾಗುತ್ತಿದ್ದವು. ತಯಾರಾದದ್ದನ್ನು ಒಣಹುಲ್ಲಿನಲ್ಲಿ ಸುತ್ತಿ, ಮರದ ಪೆಟ್ಟಿಗೆಯಲ್ಲಿಟ್ಟು, ಮೊಳೆ ಹೊಡೆದು ಕಳಿಸುವ ವಿಭಾಗಕ್ಕೆ ಭಾವನೇ ಯಜಮಾನರು. ಅವರು ಕಟ್ಟಿದ ಪೆಟ್ಟಿಗೆ ಲಾರಿಯಿಂದ ಉರುಳಿ, ಹೊಳೆಯಲ್ಲಿ ತೇಲಿಹೋಗಿ, ಕೊನೆಗೆ ಆನೆಯೊಂದು ಅದರ ಮೇಲೆ ಕೂತು ಒಂದು ನಿದ್ದೆ ತೆಗೆದು ಎದ್ದುಹೋದರೂ ಒಳಗಿನ ಲೋಟದ ಅಂಚು ಮುಕ್ಕಾಗುತ್ತಿರಲಿಲ್ಲ. ಆನೆಯ ವಿಷಯ ನಾನು ಸೇರಿಸಿದ್ದು. ಉಳಿದದ್ದರಲ್ಲಿ ಅರ್ಧ ನಿಜ.

ಈ ಕಟ್ಟುವ ಕೆಲಸ ಕಾರ್ಖಾನೆಯಲ್ಲೇ ಮುಗಿದಿದ್ದರೆ ಚಿಂತೆಯಿರಲಿಲ್ಲ. ಮನೆಗೆ ಯಾವ ಹೊಸ ವಸ್ತು ಬಂದರೂ ಭಾವ ಅದನ್ನು ಕಟ್ಟಿಡುತ್ತಿದ್ದರು. ಮದುವೆಗೆ ಉಡುಗೊರೆಯಾಗಿ ಬಂದ ಚಹಾದ ಕಪ್ಪುಗಳು ಹುಲ್ಲಿನಲ್ಲೇ ಇದ್ದವು. ಗೋಡೆ ಗಡಿಯಾರ ಪೆಟ್ಟಿಗೆಯೊಳಗೇ ಗಂಟೆ ಹೊಡೆಯುತ್ತಿತ್ತು. ಹೊತ್ತು ಗೊತ್ತಾಗಬೇಕಾದವರು ಮಂಚದ ಕೆಳಗೆ ತಲೆ ತೂರಿಸಿ ಕೇಳಿಸಿಕೊಳ್ಳಬೇಕು. ಸೋಫಾದ ಮೇಲಿನ ಪ್ಲಾಸ್ಟಿಕ್ ಹಾಳೆಯನ್ನು ತೆಗೆದದ್ದೇ ಇಲ್ಲ. ಬೇಸಗೆಯಲ್ಲಿ ಅದರ ಮೇಲೆ ಕೂತ ನೆಂಟರು ಏಳುವಾಗ ತಮ್ಮ ಚರ್ಮದ ಸ್ವಲ್ಪ ಭಾಗವನ್ನು ಅಲ್ಲೇ ಬಿಟ್ಟುಹೋಗುತ್ತಿದ್ದರು.

"ನನ್ನ ಪುಣ್ಯ ಕಣೋ," ಎನ್ನುತ್ತಿದ್ದಳು ಅಕ್ಕ. "ಮದುವೆಯಾದ ದಿನ ಇವರ ಕೈಗೆ ಹುಲ್ಲು ಸಿಗಲಿಲ್ಲ."

ಅಕ್ಕನಿಗೆ ಒಂದೇ ಒಂದು ಆಸೆ ಇತ್ತು. ಅವಳ ಅಡುಗೆಮನೆಯಲ್ಲಿ ಒಲೆಯ ಪಕ್ಕಕ್ಕೆ ಒಂದು ಕಿಟಕಿ. ಆ ಕಿಟಕಿಯ ತುಂಬ ಒಂದು ಗುಡ್ಡ. ಬುಡದಲ್ಲಿ ಕುರುಚಲು ಗಿಡ, ನಡುವೆ ಒಂದು ದೊಡ್ಡ ಬಂಡೆ, ತುದಿಯಲ್ಲಿ ಯಾರೋ ಪೇರಿಸಿಟ್ಟ ಕಲ್ಲಿನ ಗುಪ್ಪೆ.

"ನಾನು ಈ ಮನೆಗೆ ಬಂದಾಗಿಂದ ಆ ಗುಡ್ಡ ನನ್ನನ್ನ ನೋಡ್ತಾನೇ ಇದೆ ರೀ. ಪಾತ್ರೆ ತೊಳೆಯೋದು, ಹಾಲು ಉಕ್ಕಿಸೋದು, ಯಾರೂ ಇಲ್ಲದಾಗ ಅಳೋದು, ಎಲ್ಲಾ ನೋಡಿದೆ. ಒಂದು ಸಲ ನಾನು ಅಲ್ಲಿ ನಿಂತು ಈ ಕಿಟಕೀನ ನೋಡ್ಬೇಕು. ನಿಮ್ಮ ಜೊತೆ."

"ಹೋಗೋಣ. ಅದಕ್ಕೇನಂತೆ," ಎಂದರು ಭಾವ. "ಆದ್ರೆ ಸುಮ್ನೆ ಹೋಗೋ ಗುಡ್ಡ ಅಲ್ಲ ಅದು."

ಆ ಮಾತು ಸುಳ್ಳಲ್ಲ. ಕೊಟ್ಟ ಮಾತಿಗೆ ನಿಲ್ಲುವ ಅಭ್ಯಾಸವೇ ಆ ಗುಡ್ಡದ ಹವೆಗೆ ಇಲ್ಲ. ಬುಡದಲ್ಲಿ ಬೆವರು, ಬಂಡೆಯ ಹತ್ತಿರ ಗಾಳಿ, ಅಲ್ಲಿಂದ ಮುಂದೆ ಮಂಜೋ ಮಳೆಯೋ ಅದರ ಮರ್ಜಿ. ನನ್ನ ಬಲಮೀಸೆ ಒದ್ದೆಯಾಗಿ ಎಡಮೀಸೆ ಬಿಸಿಲಿಗೆ ಕಾದ ದಿನವೂ ಉಂಟು. ನನಗೆ ಗೊತ್ತಿದ್ದ ಒಬ್ಬ ಕೊಡೆ ಬಿಚ್ಚುವಷ್ಟರಲ್ಲಿ ಮಳೆ ನಿಂತು, ಮಡಚುವಷ್ಟರಲ್ಲಿ ಮತ್ತೆ ಬಂದು, ಹೀಗೇ ಬಿಚ್ಚುತ್ತ ಮಡಚುತ್ತ ತುದಿ ಮುಟ್ಟಿದ. ಇಳಿದು ಬಂದ ಮೇಲೆ ಅವನಿಗೆ ನೋಯುತ್ತಿದ್ದದ್ದು ಕಾಲಲ್ಲ, ಹೆಬ್ಬೆರಳು.

ಹಾಗಾಗಿ ಬೂಟು ಕೊಳ್ಳುವುದೆಂದು ನಿಶ್ಚಯವಾಯಿತು. ಭಾವ, ಅಕ್ಕ, ನಾನು ಮೂವರೂ ಪೇಟೆಯ ಚಪ್ಪಲಿ ಅಂಗಡಿಗೆ ಹೋದೆವು. ಹೋದದ್ದು ಸಂಜೆ. ದಿನವಿಡೀ ನಿಂತ ಪಾದ ಸಂಜೆಗೆ ಊದಿರುತ್ತದೆ, ಬೆಳಗ್ಗೆ ಹಿತವಾಗಿದ್ದ ಬೂಟು ಸಂಜೆಗೆ ಕಚ್ಚುತ್ತದೆ ಎಂಬುದು ಭಾವನ ಲೆಕ್ಕಾಚಾರ. ಮನೆಯಿಂದಲೇ ದಪ್ಪ ಉಣ್ಣೆಯ ಕಾಲುಚೀಲ ಹಾಕಿಕೊಂಡು ಬಂದಿದ್ದರು.

ಅಂಗಡಿಯವನು ಒಂದು ಜೊತೆ ಮುಂದಿಟ್ಟ. ಭಾವ ಅಟ್ಟೆಯ ಗೀರಿನೊಳಗೆ ಉಗುರಿಟ್ಟು ಆಳ ನೋಡಿದರು. ಹಿಮ್ಮಡಿಯನ್ನು ಹಿಸುಕಿದರು. ಮೂತಿಯನ್ನು ಹಿಂದಕ್ಕೆ ಬಗ್ಗಿಸಿದರು. ಹೊಲಿಗೆಯನ್ನು ಮೂಸಿದರು.

"ಎಷ್ಟು ವರ್ಷ ಬಾಳುತ್ತೆ?"

"ನಿಮ್ಮ ಕಾಲು ಇರೋವರೆಗೂ ಬಾಳುತ್ತೆ ಸಾರ್."

"ಕಾಲಿನ ವಿಷಯ ನಾನು ನೋಡ್ಕೋತೀನಿ. ನೀವು ಬೂಟಿನ ವಿಷಯ ಹೇಳಿ."

ಅಂಗಡಿಯಲ್ಲಿ ಒಂದು ಇಳಿಜಾರು ಹಲಗೆ ಇತ್ತು. ಇಳಿಯುವಾಗ ಬೆರಳ ತುದಿ ಮುಂದಕ್ಕೆ ಬಡಿಯಬಾರದು, ಹತ್ತುವಾಗ ಹಿಮ್ಮಡಿ ಒಳಗೇ ಎದ್ದು ಬೀಳಬಾರದು. ಭಾವ ಒಂದರ ಮೇಲೊಂದು ಜೊತೆ ಬದಲಿಸುತ್ತ ಆ ಹಲಗೆಯ ಮೇಲೆ ಅದೆಷ್ಟು ಸಲ ಹತ್ತಿ ಇಳಿದರೆಂದರೆ, ಅಷ್ಟೇ ನಡಿಗೆಯನ್ನು ನೇರ ಗುಡ್ಡಕ್ಕೆ ಹಾಕಿದ್ದರೆ ತುದಿ ಮುಟ್ಟಿ ಆ ಕಡೆಯ ಊರಲ್ಲಿ ಊಟ ಮುಗಿಸಿ ಬರಬಹುದಿತ್ತು. ಕೊನೆಗೆ ಒಂದು ಬಕೆಟ್ ನೀರು ಕೇಳಿದರು. ಬೂಟು ಹಾಕಿಕೊಂಡು ಅದರಲ್ಲಿ ನಿಂತರು. ಬೀದಿಯಲ್ಲಿ ಹೋಗುತ್ತಿದ್ದವರೂ ಒಳಗೆ ಬಂದು ನೋಡಿದರು.

"ಸಾಕ್ಸು ಒದ್ದೆಯಾಗಿಲ್ಲ," ಎಂದು ಭಾವ ಘೋಷಿಸಿದಾಗ ಯಾರೋ ಚಪ್ಪಾಳೆ ತಟ್ಟಿದರು. ಅಂಗಡಿಯವನು ಬಾಗಿಲು ತೆರೆದಾಗ ಯುವಕನಾಗಿದ್ದ, ಅಷ್ಟರಲ್ಲಿ ಅವನ ಕೆನ್ನೆಯ ಕೂದಲು ನೆರೆತಿತ್ತು.

ಕಂದು ಬಣ್ಣ, ಕಣಕಾಲು ಮುಚ್ಚುವ ಎತ್ತರ, ನೀರು ಕುಡಿಯದ ದಪ್ಪ ಚರ್ಮ. ಚರ್ಮಕ್ಕೂ ಕೆಳಗಿನ ಗಟ್ಟಿ ಅಟ್ಟೆಗೂ ನಡುವೆ ಒಂದು ಹಗುರವಾದ ಮೆತ್ತನೆಯ ಪದರ. ಭಾವ ಅದನ್ನು ಹೆಬ್ಬೆರಳಿನಿಂದ ಒತ್ತಿ ಒತ್ತಿ ನೋಡಿ, "ಇದು ನೋಡು, ನಮ್ಮ ಹುಲ್ಲಿನ ಕೆಲಸ ಮಾಡುತ್ತೆ," ಎಂದು ನನಗೆ ಹೇಳಿದರು. ಅವರ ಮುಖದಲ್ಲಿ ಅಂಥ ಪ್ರೀತಿಯನ್ನು ನಾನು ಅವರ ಮದುವೆಯ ದಿನವೂ ನೋಡಿರಲಿಲ್ಲ. ಅಕ್ಕ ಇದೆಲ್ಲ ಶುರುವಾಗುವ ಮೊದಲೇ ಕೈಗೆ ಸಿಕ್ಕಿದ ಒಂದು ಜೊತೆಯನ್ನು ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದಳು.

ಮನೆಗೆ ಬಂದವರೇ ಭಾವ ಬೂಟಿನೊಳಗೆ ಕಾಗದ ತುರುಕಿದರು. ಬಟ್ಟೆ ಸುತ್ತಿದರು. ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ, ಗಾಳಿಯೆಲ್ಲ ಹೊರಗೆ ಒತ್ತಿ, ಬಾಯನ್ನು ಅಂಟಿಸಿದರು. ಪೆಟ್ಟಿಗೆಯಲ್ಲಿ ಹುಲ್ಲು ಹಾಸಿ, ನಡುವೆ ಮಲಗಿಸಿ, ಮೊಳೆ ಹೊಡೆದರು.

"ಅದ್ಯಾಕ್ರೀ? ಭಾನುವಾರ ಹೋಗ್ತೀವಲ್ಲ?"

"ಭಾನುವಾರದವರೆಗೆ ಧೂಳು ಕೂರಬಾರದಲ್ವಾ?"

ಭಾನುವಾರ ಗುಡ್ಡದ ನೆತ್ತಿಯ ಮೇಲೆ ಒಂದು ಮೋಡ ಕಂಡಿತು. ಹೊಸ ಬೂಟಿಗೆ ಮೊದಲ ದಿನವೇ ಕೆಸರು ಬೇಡ ಎಂದರು ಭಾವ. ಮುಂದಿನ ಸಲ ಬಿಸಿಲು ಜಾಸ್ತಿ, ಚರ್ಮ ಒಡೆಯುತ್ತದೆ. ಆಮೇಲೆ ಗಾಳಿ. ಗುಡ್ಡದ ಮೇಲೆ ಮೋಡವಿಲ್ಲ, ಬಿಸಿಲಿಲ್ಲ, ಗಾಳಿಯಿಲ್ಲ ಎನ್ನುವ ದಿನ ಬಂದರೆ, "ಇಷ್ಟು ಸುಮ್ನಿದೆ ಅಂದ್ರೆ ಏನೋ ಮಸಲತ್ತು ಮಾಡ್ತಿದೆ," ಎನ್ನುತ್ತಿದ್ದರು. ಹೀಗೆ ವರ್ಷಗಳು ಹೋದವು.

ಅಕ್ಕ ಮನೆಯಲ್ಲಿ ಕೂರಲಿಲ್ಲ. ಪಕ್ಕದ ಮನೆಯ ಹೆಂಗಸರ ಜೊತೆ ಆಗಾಗ ಗುಡ್ಡಕ್ಕೆ ಹೊರಡುತ್ತಿದ್ದಳು. ಅವಳ ಬೂಟು ಸವೆದು, ಇನ್ನೊಂದು ಬಂದು, ಅದೂ ಸವೆಯಿತು. ಆದರೆ ಅವಳು ಹೋಗುತ್ತಿದ್ದದ್ದು ದೊಡ್ಡ ಬಂಡೆಯವರೆಗೆ ಮಾತ್ರ. ಉಳಿದವರು ಮೇಲೆ ಹೋಗಿ ಬರುವ ತನಕ ಅವಳು ಬಂಡೆಗೆ ಒರಗಿ ಕಿತ್ತಳೆ ಹಣ್ಣು ಸುಲಿಯುತ್ತ ಕೂತಿರುತ್ತಿದ್ದಳಂತೆ. ಬಂಡೆಯಿಂದ ಅವಳ ಕಿಟಕಿ ಕಾಣುವುದಿಲ್ಲ, ಎದುರಿನ ದಿಬ್ಬ ಅಡ್ಡ. ಅವರು ಕರೆದರೆ, "ತುದಿ ನಮ್ಮ ಯಜಮಾನ್ರ ಜೊತೆ," ಎನ್ನುತ್ತಿದ್ದಳು.

ಭಾವ ನಿವೃತ್ತರಾದರು. ಅಕ್ಕನ ಮೊಣಕಾಲು ಮಾತಾಡಲು ಕಲಿಯಿತು. ಅವಳು ಕೂತು ಎದ್ದರೆ ಪಕ್ಕದ ಕೋಣೆಯಲ್ಲಿದ್ದವರು ಯಾರೋ ಬಾಗಿಲು ತೆರೆದರೆಂದು ತಿರುಗಿ ನೋಡುತ್ತಿದ್ದರು. ಒಂದು ಬೆಳಗ್ಗೆ ಅವಳು ಸುತ್ತಿಗೆಯನ್ನು ತಂದು ಭಾವನ ಮುಂದಿಟ್ಟಳು.

"ಈ ವಾರ ಹೋಗ್ತೀವಿ. ಮೋಡ ಇರ್ಲಿ, ಬೆಂಕಿ ಬೀಳ್ಲಿ. ಪೆಟ್ಟಿಗೆ ಬಿಚ್ಚಿ."

ಭಾವ ಬಿಚ್ಚಿದರು. ಬೂಟು ಕೊಂಡ ದಿನ ಹೇಗಿತ್ತೋ ಹಾಗೇ ಹೊಳೆಯುತ್ತಿತ್ತು. "ನೋಡು! ಅಂಗಡಿಯವನಿಗೂ ಇದರ ವಯಸ್ಸು ಹೇಳೋಕಾಗಲ್ಲ," ಎಂದು ಹೆಮ್ಮೆಪಟ್ಟರು.

ಮೂವರೂ ಹೊರಟೆವು. ಬಂಡೆಯ ತನಕ ಬಿಸಿಲಿತ್ತು. ಬಂಡೆಯ ಹತ್ತಿರ ಅಕ್ಕ ಒಂದು ಕ್ಷಣ ನಿಂತು, ತಾನು ಕೂರುತ್ತಿದ್ದ ಜಾಗವನ್ನು ನೋಡಿ, ನಕ್ಕು, ಅದನ್ನು ದಾಟಿದಳು. ಅಲ್ಲಿಂದ ಮುಂದೆ ಮಂಜು ಇಳಿಯಿತು, ಹನಿ ಶುರುವಾಯಿತು. ಮುಂದೆ ಭಾವ, ಅವರ ಹಿಂದೆ ಅಕ್ಕ, ಕೊನೆಗೆ ನಾನು. ದಾರಿಯುದ್ದಕ್ಕೂ ಕಪ್ಪು ಪುಡಿ ಉದುರಿರುವುದು ಕಂಡಿತು. ಭಾವ ನಮಗೆ ಕೊಡದೆ ಬಿಸ್ಕತ್ತು ತಿನ್ನುತ್ತಿದ್ದಾರೆ ಎಂದುಕೊಂಡೆ. ಇನ್ನೊಂದು ತಿರುವಿನಲ್ಲಿ ಬಲಗಾಲಿನ ಅಟ್ಟೆ ದಾರಿಯಲ್ಲೇ ನಿಂತಿತು, ಭಾವ ಮುಂದೆ ಹೋದರು.

"ರೀ, ನಿಮ್ದೇನೋ ಬಿತ್ತು," ಎಂದಳು ಅಕ್ಕ.

ಭಾವ ತಿರುಗಿ ನೋಡಿದರು. ಚರ್ಮ ಹೊಸದು, ಲೇಸು ಹೊಸದು, ಅಟ್ಟೆಯ ಗೀರೂ ಹೊಸದು. ನಡುವಿನ ಆ ಮೆತ್ತನೆಯ ಪದರ ಮಾತ್ರ ಹಳೆಯ ರಸ್ಕಿನಂತೆ ಪುಡಿಯಾಗಿತ್ತು. ಲೇಸು ಬಿಚ್ಚಿ ಅಟ್ಟೆಯನ್ನು ಪಾದಕ್ಕೆ ಕಟ್ಟಿದರು. ಕಟ್ಟುವ ಕೆಲಸದಲ್ಲಿ ಅವರನ್ನು ಮೀರಿಸುವವರಿಲ್ಲ, ಆದರೆ ಏಳುವಷ್ಟರಲ್ಲಿ ಎಡಗಾಲಿನದೂ ಕಳಚಿತು. ಅದೇ ಹೊತ್ತಿಗೆ ಗಾಳಿ ಬೀಸಿ ಮಂಜು ಸರಿಯಿತು. ಕಲ್ಲಿನ ಗುಪ್ಪೆ ಅಲ್ಲೇ, ಕೂಗಿದರೆ ಕೇಳುವಷ್ಟು ಹತ್ತಿರದಲ್ಲಿ ನಿಂತಿತ್ತು.

"ನೀನು ಹೋಗ್ಬಾ," ಎಂದರು ಭಾವ. "ನಾನು ಇಲ್ಲೇ ಕೂತಿರ್ತೀನಿ. ತಮ್ಮ ಇದಾನಲ್ಲ ಜೊತೆಗೆ."

ಅಕ್ಕ ತುದಿಯನ್ನು ನೋಡಿದಳು. ಭಾವನ ಕಾಲನ್ನು ನೋಡಿದಳು. ಹನಿ ದಪ್ಪವಾಗುತ್ತಿತ್ತು.

"ಮಳೇಲಿ ಬರೀ ಸಾಕ್ಸಲ್ಲಿ ಕೂತಿರ್ತಾರಂತೆ. ನೆಗಡಿ ಆದ್ರೆ ಆಮೇಲೆ ಮೂಗನ್ನೂ ಪೆಟ್ಟಿಗೇಲಿ ಕಟ್ಟಿಡ್ತೀರಿ. ಏಳಿ. ಗುಡ್ಡ ಎಲ್ಲಿಗೂ ಓಡಿಹೋಗಲ್ಲ, ಇನ್ನೊಂದು ಸಲ ಬಂದರಾಯ್ತು."

ಒಂದು ಕೈ ಅವಳು, ಒಂದು ಕೈ ನಾನು ಹಿಡಿದು ಇಳಿಸಿದೆವು. ಜಾರುವ ಕಲ್ಲು. ಒಂದು ಕಡೆ ಭಾವ ಜಾರಿ, ಅವರ ಭಾರವೆಲ್ಲ ಅಕ್ಕನ ಕಡೆಗೆ ವಾಲಿತು. ಅವಳ ಮೊಣಕಾಲಿನಿಂದ ಬಂದ ಸದ್ದನ್ನು ಉತ್ಪ್ರೇಕ್ಷೆ ಮಾಡಿ ಹೇಳುವ ಮನಸ್ಸು ನನಗೆ ಈಗಲೂ ಇಲ್ಲ.

ಗುಡ್ಡ ಓಡಿಹೋಗಲಿಲ್ಲ. ಮೊಣಕಾಲು ಹೋಯಿತು. ಮನೆಯ ಹೊಸ್ತಿಲೇ ಇನ್ನು ನಿಮ್ಮ ಗುಡ್ಡ ಎಂದರು ಡಾಕ್ಟರು.

ಭಾವ ಬೂಟನ್ನು ಪೆಟ್ಟಿಗೆಯ ಸಮೇತ ಹೊತ್ತು ಅದೇ ಅಂಗಡಿಗೆ ಜಗಳಕ್ಕೆ ಹೋದರು. ನಾನೂ ಹೋದೆ. ಅಂಗಡಿಯವನು ನಿಜವಾಗಿಯೂ ನೆರೆತುಹೋಗಿದ್ದ.

"ಇದರಲ್ಲಿ ಎಷ್ಟು ನಡೆದಿದ್ದೀರಿ ಸಾರ್?"

"ಒಂದೇ ಒಂದು ಸಲ!"

"ಅದೇ ಆಗಿರೋದು. ಈ ನಡುವಿನ ಪದರ ಇದೆಯಲ್ಲ, ಅದು ಇಟ್ಟಷ್ಟೂ ಹಾಳು. ನಡೀತಾ ಇದ್ರೆ ಬಾಳುತ್ತೆ. ಗಾಳಿಯಾಡದ ಹಾಗೆ ಕಟ್ಟಿಟ್ರಂತೂ ಒಳಗಿನ ಪಸೆ ಹೊರಗೆ ಹೋಗಲ್ಲ, ಕೂತಲ್ಲೇ ಪುಡಿಯಾಗುತ್ತೆ." ಅವನು ಪೆಟ್ಟಿಗೆಯನ್ನು ತಿರುಗಿಸಿ ನೋಡಿ, ಚೀಲದ ಅಂಟನ್ನು ಎಳೆದು ನೋಡಿ, ತಲೆದೂಗಿದ. "ಯಾರು ಸಾರ್ ಕಟ್ಟಿದ್ದು? ಭಾಳ ಚೆನ್ನಾಗಿ ಕಟ್ಟಿದ್ದಾರೆ."

ತಮ್ಮ ಕೆಲಸವನ್ನು ಹೊಗಳಿದ್ದಕ್ಕೆ ಭಾವ ತಲೆ ತಗ್ಗಿಸಿದ್ದು ಅದೊಂದೇ ಸಲ. ಜಗಳವಾಡದೆ ಇನ್ನೊಂದು ಜೊತೆ ಕೊಂಡರು. ಸಾಧಾರಣದ್ದು. ಪೆಟ್ಟಿಗೆ ಬೇಡ ಎಂದು ಅಲ್ಲೇ ಹಾಕಿಕೊಂಡರು. ಬರುವ ದಾರಿಯಲ್ಲಿ ಇದ್ದ ಕೆಸರುಗುಂಡಿಯನ್ನೆಲ್ಲ ಹುಡುಕಿ ಹುಡುಕಿ ತುಳಿದರು.

ಆ ವಾರ ಮನೆಯಲ್ಲಿ ಮೊಳೆ ಕೀಳುವ ಸದ್ದೇ ಸದ್ದು. ಗಡಿಯಾರ ಗೋಡೆಗೆ ಬಂತು. ಕಪ್ಪುಗಳು ಹೊರಬಂದವು. ಸೋಫಾದ ಪ್ಲಾಸ್ಟಿಕ್ ಸೀಳಿಹೋಯಿತು; ಕೆಳಗೆ ಹಸಿರು ಬಣ್ಣವಿತ್ತೆಂದು ಅಕ್ಕನಿಗೂ ಅಂದೇ ಗೊತ್ತಾದದ್ದು. ಎಲ್ಲ ಬಿಚ್ಚಿ ಮುಗಿದ ಮೇಲೆ ಭಾವ ಅಡುಗೆಮನೆಯ ಬಾಗಿಲಲ್ಲಿ ನಿಂತರು.

"ನಾನು ತುದಿಗೆ ಹೋಗ್ಬರ್ತೀನಿ. ನೀನು ಆ ಕೆಂಪು ಬೆಡ್‌ಶೀಟನ್ನ ಕಿಟಕಿಗೆ ಕಟ್ಟಿರು. ಕಾಣುತ್ತಾ ನೋಡ್ತೀನಿ."

"ನೋಡ್ಬೇಕು ಅಂದಿದ್ದು ನಾನು ರೀ," ಎಂದಳು ಅಕ್ಕ.

ಒಲೆಯ ಮೇಲೆ ಹಾಲು ಏರಿತು. ಅವಳು ಉರಿ ತಗ್ಗಿಸಿ, "ಸರಿ, ಹೋಗ್ಬನ್ನಿ. ಕಟ್ಟಿರ್ತೀನಿ," ಎಂದಳು.

ನಾನೂ ಜೊತೆಗೆ ಹೋದೆ. ನಾವು ಬಂಡೆ ಮುಟ್ಟುವ ಮೊದಲೇ ಮೋಡ ಬಂದು ಕೂತಿತು. ಭಾವ ನಿಲ್ಲಲಿಲ್ಲ. ತುದಿಯಲ್ಲಿ ಅದು ಎಷ್ಟು ದಟ್ಟವಾಗಿತ್ತೆಂದರೆ, ನನ್ನ ಮೂಗು ಕೆರೆಯಲು ಹೋಗಿ ಭಾವನ ಮೂಗು ಕೆರೆದೆ. ಅವರು ನಗಲಿಲ್ಲ. ಕಲ್ಲಿನ ಗುಪ್ಪೆಗೆ ಒರಗಿ ನಿಂತು ಕನ್ನಡಕ ಒರೆಸಿದರು, ಹಾಕಿದರು, ಮತ್ತೆ ಒರೆಸಿದರು.

"ಆ ಕಡೆ ಅಲ್ವಾ ಮನೆ?" ಎಂದು ಬೆರಳು ತೋರಿಸಿದರು. ಬೆರಳು ಸ್ವಲ್ಪ ಬಲಕ್ಕೆ ಸರಿಯಿತು. ಆಮೇಲೆ ಸ್ವಲ್ಪ ಕೆಳಕ್ಕೆ.

"ಹೌದು ಭಾವ," ಎಂದೆ. ನನಗೆ ಎಡಬಲವೇ ಗೊತ್ತಾಗುತ್ತಿರಲಿಲ್ಲ.

ಬಹಳ ಹೊತ್ತು ಕಾದೆವು. ಮೋಡ ಅಲುಗಲಿಲ್ಲ. ನಾವು ಇಳಿದು ಬುಡಕ್ಕೆ ಬಂದ ಮೇಲೆ, ಸಹಜವಾಗಿ, ಬಿಸಿಲು ಬಂತು.

ಅಕ್ಕ ಹಸಿರು ಸೋಫಾದ ಮೇಲೆ ಕಾಲು ಚಾಚಿ ಕೂತಿದ್ದಳು.

"ಕಂಡಿತಾ ರೀ?"

"ಕಂಡಿತು," ಎಂದರು ಭಾವ.

"ಹೇಗಿತ್ತು?"

"ಇಷ್ಟೇ ಇಷ್ಟು. ಬೆಂಕಿಕಡ್ಡಿ ತಲೆಯಷ್ಟು. ಆದ್ರೆ ಕೆಂಪಗೆ. ನಮ್ದೇ ಅಂತ ತಕ್ಷಣ ಗೊತ್ತಾಯ್ತು."

"ಸದ್ಯ," ಎಂದಳು ಅಕ್ಕ. ಭಾವ ಕಾಲು ತೊಳೆಯಲು ಬಚ್ಚಲಿಗೆ ಹೋದರು. ಅವಳು ಗೋಡೆ ಹಿಡಿದು ಎದ್ದು ಚಹಾಕ್ಕೆ ನೀರಿಡಲು ನಡೆದಳು. ನಾನು ಹಿಂದೆ ಹೋದೆ.

ಅಡುಗೆಮನೆಯ ಕುರ್ಚಿಯ ಮೇಲೆ ಕೆಂಪು ಬೆಡ್‌ಶೀಟು ಇತ್ತು. ಇಸ್ತ್ರಿಯ ಮಡಿಕೆ ಮುರಿದಿರಲಿಲ್ಲ. ನಾನು ಅದನ್ನು ನೋಡಿದೆ, ಅವಳು ನನ್ನನ್ನು ನೋಡಿದಳು.

"ನೀವು ಹೊರಟ ಸ್ವಲ್ಪ ಹೊತ್ತಿಗೇ ಗುಡ್ಡ ಮುಚ್ಚಿಹೋಯ್ತು ಕಣೋ. ಕಾಣದ ಮೇಲೆ ಒಗೆದ ಬಟ್ಟೆ ಯಾಕೆ ಒದ್ದೆ ಮಾಡ್ಲಿ ಅಂತ ಸುಮ್ನಾದೆ." ಪಾತ್ರೆಗೆ ನೀರು ಹಾಕಿದಳು. "ಅವರನ್ನ ಏನು ಅನ್ನೋದು? ಎಷ್ಟು ಸಲ ಆ ಬಂಡೆ ಹತ್ರ ಹಣ್ಣು ತಿಂತಾ ಕೂತಿದ್ದೆ. ಎದ್ದು ನಾಲ್ಕು ಹೆಜ್ಜೆ ಹೋಗಿದ್ರೆ ಆಗ್ತಿತ್ತು. ನಾನೂ ಕಟ್ಟಿಟ್ಟೋಳೇ."

"ಅಕ್ಕಾ..."

"ಬಾಯಿ ಮುಚ್ಚಿ ಆ ಕಪ್ಪು ಕೊಡು."

ಕಿಟಕಿಯಲ್ಲಿ ಗುಡ್ಡ ಈಗ ತೊಳೆದಿಟ್ಟಂತೆ ನಿಂತಿತ್ತು. ಕಲ್ಲಿನ ಗುಪ್ಪೆಯ ಒಂದೊಂದು ಕಲ್ಲನ್ನೂ ಎಣಿಸಬಹುದಿತ್ತು.

"ಬೆಡ್‌ಶೀಟು ತೆಗೆದೆಯೇನೇ?" ಬಚ್ಚಲಿನಿಂದ ಭಾವ ಕೂಗಿದರು. "ಮತ್ತೆ ಮಳೆ ಬಂದ್ರೆ ನೆನೆಯುತ್ತೆ."

"ತೆಗೀತಾ ಇದೀನಿ ರೀ," ಎಂದಳು ಅಕ್ಕ. ಬೆಡ್‌ಶೀಟನ್ನು ಎತ್ತಿಕೊಂಡು, ಬಿಡಿಸಿ, ಆಗಷ್ಟೇ ಕಿಟಕಿಯಿಂದ ಬಿಚ್ಚಿದ ಬಟ್ಟೆಯನ್ನು ಮಡಚುವ ಹಾಗೆ ಮತ್ತೆ ಮಡಚತೊಡಗಿದಳು.