ದಾವೆ ಹಿಂಪಡೆದ ಮೇಲಿನ ಮೊದಲ ಪಂಚಮಿ

ಈ ಸಲ ನಮ್ಮ ಮನೆಗೆ ಪಂಚಮಿ ಬಂದದ್ದು ಬಸ್ಸಿನ ಸೀಟಿನ ಕೆಳಗೆ. ಬಿಸ್ಕತ್ತಿನ ರಟ್ಟಿನ ಡಬ್ಬಿ, ಸುತ್ತಲೂ ಸುತಳಿ, ಮೇಲೆ ಪೆನ್ನಿನಲ್ಲಿ ಬರೆದ ನನ್ನ ಮೊಬೈಲ್ ನಂಬರ್.

"ದೇವದುರ್ಗದ ಬಸ್ಸಿನ್ಯಾಗ ಕಳಿಸೀನಿ ತಂಗೆವ್ವಾ, ಸ್ಟ್ಯಾಂಡಿಗೆ ಹೋಗಿ ಇಸ್ಕೋ" ಎಂದು ಅಣ್ಣ ಫೋನ್ ಮಾಡಿದ್ದ. ರಾಯಚೂರು ಬಸ್ ಸ್ಟ್ಯಾಂಡಿನಲ್ಲಿ ಮುಕ್ಕಾಲು ಗಂಟೆ ನಿಂತೆ. ಕಂಡಕ್ಟರ್ ಡಬ್ಬಿ ಎಳೆದುಕೊಟ್ಟು, "ತಗೋರಿ ಅಕ್ಕಾರ, ನಿಮ್ಮ ತವರುಮನಿ ಬಂತು. ಭಾಳ ಜ್ವಾಕಿಲೆ ತಂದೀನಿ" ಎಂದ. ಸುತ್ತಲಿದ್ದವರು ನಕ್ಕರು. ನಾನೂ ನಕ್ಕೆ. (ಇನ್ನೇನು ಮಾಡಲಿ?)

ನಮ್ಮ ಕಡೆ ನಾಗರಪಂಚಮಿಗೆ ಅಣ್ಣನೇ ಬಂದು ತವರಿಗೆ ಕರೆದೊಯ್ಯಬೇಕು. ತಾನಾಗಿ ಹೋದವಳು ಚಪ್ಪಲಿ ಬಿಡುವ ಮೊದಲೇ ಓಣಿಯ ಹೆಂಗಸರು ಕೇಳುತ್ತಾರೆ: "ಯಾರು ಬಂದಿದ್ರಬೇ ಕರಿಯಾಕ?"

ನನ್ನ ತವರು ಮಸರಕಲ್. ಅಪ್ಪ ತೀರಿಕೊಂಡ ಮೇಲೆ ಅಣ್ಣ ಹೊಲವನ್ನೆಲ್ಲ ತನ್ನೊಬ್ಬನ ಹೆಸರಿಗೆ ಮಾಡಿಕೊಳ್ಳಲು ಓಡಾಡತೊಡಗಿದಾಗ, ದೇವದುರ್ಗದ ಕೋರ್ಟಿನಲ್ಲಿ ಪಾಲಿನ ದಾವೆ ಹಾಕಿದ್ದೆ. ನಾಲ್ಕು ವರ್ಷ ನಡೆಯಿತು. ವಿಚಿತ್ರ ಕೇಳಿ, ಆ ನಾಲ್ಕೂ ವರ್ಷ ಅಣ್ಣ ಪಂಚಮಿಗೆ ತಪ್ಪದೆ ಬಂದ. ಮುಂಜಾನೆ ಎಂಟಕ್ಕೇ ಬಾಗಿಲಲ್ಲಿ ಹಾಜರ್. ನನ್ನ ಬ್ಯಾಗನ್ನು ತಾನೇ ಹೊತ್ತ. ಕೋರ್ಟಿನ ತಾರೀಖಿನ ದಿನ ನಾನು ಕಟ್ಟಿಕೊಂಡು ಹೋದ ರೊಟ್ಟಿ, ಪುಂಡಿಪಲ್ಯವನ್ನು ಬೇವಿನ ಗಿಡದ ಕೆಳಗೆ ಇಬ್ಬರೂ ಕೂತು ತಿನ್ನುತ್ತಿದ್ದೆವು. ವಾದಿಯ ರೊಟ್ಟಿ, ಪ್ರತಿವಾದಿಯ ಹಸಿವು!

ಹೋದ ವರ್ಷ ಪಂಚಮಿಯ ಜೋಕಾಲಿ ತೂಗುತ್ತಾ ಅಣ್ಣ ಮೆಲ್ಲಗೆ ಎಂದ: "ಕೇಸ್ ವಾಪಸ್ ತಗೋಬೇ. ಹೊಲ ನನಗಿರಲಿ, ತವರುಮನಿ ನಿನಗಿರಲಿ. ನಾ ಇರೂತನಕ ಪಂಚಮಿ ತಪ್ಪಂಗಿಲ್ಲ."

ತವರು ಎಂದರೆ ಕರಗದವರು ಯಾರಿದ್ದೀರಿ? ಒಪ್ಪಿಕೊಂಡೆ.

ಇಬ್ಬರೂ ಒಪ್ಪಿ ದಾವೆ ಮುಗಿಸುವ ಮೆಮೊ ಬರೆಸುವಾಗ ವಕೀಲರಿಗೆ ಹೇಳಿದೆ: "ಸರ್, ಪಂಚಮಿಗೆ ಕರಿಯಾಕ ಬರಬೇಕಂತ ಒಂದು ಸಾಲು ಹಾಕ್ರಿ." ಅವರು ಕನ್ನಡಕ ತೆಗೆದು ನಕ್ಕರು. "ಅಕ್ಕಾರ, ಇದು ಕೋರ್ಟ್ ಅದರಿ. ಉಂಡಿ, ಜೋಕಾಲಿ ಎಲ್ಲಾ ಇದರಾಗ ಬರಿಯಾಕ ಬರಂಗಿಲ್ಲ."

"ಅಣ್ಣನ ಮಾತಿನ ಮ್ಯಾಲ ನಂಬಿಗಿ ಇಲ್ಲೇನು?" ಎಂದು ಅಣ್ಣ ಮುಖ ಸಣ್ಣದು ಮಾಡಿದ. ನನಗೇ ನಾಚಿಕೆಯಾಯಿತು. ಈ ಹೊಲದ ಮೇಲೆ ನಾನು ಮತ್ತೆಂದೂ ದಾವೆ ಹೂಡುವುದಿಲ್ಲ ಎಂಬ ಸಾಲನ್ನು ಮಾತ್ರ ಅವನು ಎರಡು ಸಲ ಓದಿಸಿಕೊಂಡ. (ತಂಗಿಯ ಮಾತಿಗೆ ಕಾಗದ ಬೇಕು. ಅಣ್ಣನ ಮಾತಿಗೆ ಬೇಡ.)

"ಯಾರದಾದರೂ ಒತ್ತಾಯ ಇದೆಯಾ?" ಎಂದು ನ್ಯಾಯಾಧೀಶರು ಕೇಳಿದರು. "ಇಲ್ಲರಿ" ಎಂದೆ. ನಾಲ್ಕು ವರ್ಷದ್ದು ಎರಡು ನಿಮಿಷಕ್ಕೆ ಮುಗಿಯಿತು.

ಅಂದು ಅಣ್ಣ ರೊಟ್ಟಿಗೆ ನಿಲ್ಲಲಿಲ್ಲ. ಅರ್ಜೆಂಟ್ ಕೆಲಸವಂತೆ. ಬುತ್ತಿ ಬಿಚ್ಚದೆ ಹಾಗೇ ಮನೆಗೆ ತಂದೆ. ಆಗಲೇ ತಿಳಿಯಬೇಕಿತ್ತು.

ಈ ಸಲವೂ ಬ್ಯಾಗ್ ತುಂಬಿ ಬಾಗಿಲ ಪಕ್ಕ ಇಟ್ಟಿದ್ದೆ. ಎಂಟಾಯಿತು. ಹತ್ತಾಯಿತು. ಬಂದದ್ದು ಫೋನ್, ಆಮೇಲೆ ಆ ಡಬ್ಬಿ. ಒಳಗೆ ಕುಪ್ಪಸದ ಖಣ, ಶೇಂಗಾ ಉಂಡೆ, ಎಳ್ಳುಂಡೆ. ಉಂಡೆಗಳು ದಾರಿಯಲ್ಲಿ ಕುಲುಕಿ ಪುಡಿಯಾಗಿದ್ದವು.

ಮಾನ್ವಿಯಲ್ಲಿರುವ ಅಕ್ಕನಿಗೆ ಫೋನ್ ಹಚ್ಚಿ ಅತ್ತೆ. ಅವಳು ದಾವೆ ಹಾಕಿದವಳಲ್ಲ. ಅಪ್ಪ ತೀರಿಕೊಂಡ ಹೊಸದರಲ್ಲೇ ಅಣ್ಣ ಕೇಳಿದಲ್ಲೆಲ್ಲ ಸಹಿ ಮಾಡಿ ಸುಮ್ಮನಾದವಳು. ಹಬ್ಬಕ್ಕೆ ಅವಳೇಕೆ ಬಂದಿಲ್ಲ ಎಂದರೆ ಅಣ್ಣ, "ಆಕಿಗಿ ಪುರುಸೊತ್ತಿಲ್ಲ" ಎನ್ನುತ್ತಿದ್ದ. ನಾನೂ ನಂಬುತ್ತಿದ್ದೆ.

"ನಿನಗ ಇದು ಮೊದಲನೇದೇನು? ನನಗ ಆರು ವರ್ಷದಿಂದ ಮಾನ್ವಿ ಬಸ್ಸಿನ್ಯಾಗೇ ಬರಾಕತ್ತದ" ಎಂದಳು ಅಕ್ಕ. "ಉಂಡಿ ಪುಡಿ ಆಗ್ಯಾವೇನು? ಹಾಲು ಹಾಕ್ಕೊಂಡು ತಿನ್ನು."

"ಒಂದು ಮಾತು ಹೇಳಬಾರದಿತ್ತೇನಕ್ಕಾ?"

"ನೀ ವರ್ಷಾ ಹೋಗಿ ಜೋಕಾಲಿ ಆಡಿ ಬರ್ತಿದ್ದಿ. ನಿನ್ನ ಮುಂದ ಏನಂತ ಹೇಳ್ಲಿ?"

ಓದುಗರೇ, ಕೋರ್ಟಿಗೆ ಎಳೆಯದೆ ಅಣ್ಣನನ್ನು ಮನೆಬಾಗಿಲಿಗೆ ಕರೆಸುವ ದಾರಿ ನಿಮ್ಮಲ್ಲಿ ಯಾರಿಗಾದರೂ ಗೊತ್ತೇ?